ಎಪ್ಪತ್ತು ತಾಸು

ಉದ್ಯಮಬಾಗದ ಮೂರನೆಯ ಗೇಟಿನ ಒಳಗೆ,
ಫೌಂಡ್ರಿಯ ಬೂದಿ ಬಂದು ಕೂರುವ ಕಿಟಕಿಯ ಹಿಂದೆ
ನನ್ನ ಇಪ್ಪತ್ತಾರು ವರುಷ.

ಬಿಲ್ಲೆಯಷ್ಟು ರಬ್ಬರು, ಎರಡು ಉಕ್ಕಿನ ತಟ್ಟೆ.
ನಾಲ್ಕರಲ್ಲೊಂದು ಪಾಲು ಕುಗ್ಗುವಂತೆ ಬಿಗಿದು
ನೂರು ಡಿಗ್ರಿಯ ಓವೆನ್ನಿನಲ್ಲಿ ಎಪ್ಪತ್ತು ತಾಸು.
ಶುಕ್ರವಾರ ಸಂಜೆ ಆರಕ್ಕೆ ಇಟ್ಟರೆ
ಸೋಮವಾರ ನಾಲ್ಕಕ್ಕೆ ಸರಿಯಾಗಿ ತೆಗೆಯಬೇಕು.
ತಂಗಿಯ ಬೀಗರೂಟ ಒಮ್ಮೆ ಸೋಮವಾರವೇ ಬಂದಿತ್ತು.
ಹೋಗಲಿಲ್ಲ.

ಬಿಚ್ಚಿ, ಅರ್ಧ ತಾಸು ಆರಲು ಬಿಟ್ಟು ಅಳೆಯುವುದು:
ಎಷ್ಟು ಎದ್ದಿತು ಅಂತಲ್ಲ,
ಎಷ್ಟು ಏಳಲೇ ಇಲ್ಲ ಅಂತ.
ಏಳದ್ದಕ್ಕೇ ಶೇಕಡಾ ಲೆಕ್ಕ.

‘ಇದಕ್ಕೂ ಡಾಕ್ಟರೇಟ್ ಕೊಡತಾರೇನ್ರಿ, ಬಾಯಾರ?’
ಮೊದಲ ದಿನವೇ ಕೇಳಿದ್ದ ಮಿಲ್ಲಿನ ರಾಜೇಸಾಬ.
ಅವನ ಬಲಗೈಯ ತೋರುಬೆರಳು ಒಂದು ಗೆಣ್ಣು ಗಿಡ್ಡ,
ಹತ್ತೊಂಬತ್ತನೇ ವಯಸ್ಸಿಗೆ ರೋಲರಿಗೆ ಕೊಟ್ಟದ್ದು.
ಉಳಿದ ಬೆರಳಿನ ಉಗುರನ್ನು ಹಾಳೆಗೆ ಒತ್ತಿ
‘ಗಂಧಕ ಒಂದ್ ಚಿಟಿಕಿ ಹೆಚ್ಚಾತ್ರಿ’ ಅನ್ನುತ್ತಿದ್ದ.
ನಾಲ್ಕು ತಾಸಿನ ಮೇಲೆ ಗ್ರಾಫು ಅದನ್ನೇ ಹೇಳುತ್ತಿತ್ತು,
ಇಂಗ್ಲಿಷಿನಲ್ಲಿ.

ಉದ್ದುದ್ದ ಸರಪಳಿಗಳು, ಒಂದಕ್ಕೊಂದು ಪರಿಚಯವಿಲ್ಲದವು.
ಕಾವಿನಲ್ಲಿ ಗಂಧಕ ಬಂದು ಅಲ್ಲಲ್ಲಿ ಗಂಟು ಹಾಕುತ್ತದೆ.
ಗಂಟು ಕಡಿಮೆಯಾದರೆ ಅಂಟು,
ಹೆಚ್ಚಾದರೆ ಒಡಕು.
ನಡುವೆ ಉಳಿದ ಕೂದಲೆಳೆಯಷ್ಟು ಜಾಗದ ಮೇಲೆ
ಇನ್ನೂರ ಹನ್ನೆರಡು ಪುಟ ಬರೆದೆ.

ಆ ವರ್ಷ ಕಬ್ಬು ಕೊಯ್ಯುವ ಯಂತ್ರಗಳ ಸೀಲುಗಳು
ಎಂಟೆಂಟು ದಿನಕ್ಕೆ ಸೋರತೊಡಗಿದವು.
ಹನ್ನೊಂದು ತಿಂಗಳು ಎಣ್ಣೆಯನ್ನೇ ಬೈದೆ.
ಮಸಿ ಬದಲಿಸಿದೆ, ಮೇಣ ಬದಲಿಸಿದೆ,
ಎಣ್ಣೆಯಲ್ಲಿ ನೆನೆಸಿ ತೂಗಿದೆ, ಮತ್ತೆ ನೆನೆಸಿ ತೂಗಿದೆ.
ಇಲ್ಲಿ ಎಲ್ಲ ಪಾಸು,
ಅಥಣಿಯಲ್ಲಿ ಎಲ್ಲ ಫೇಲು.

ಕೊನೆಗೆ ಒಂದು ರಾತ್ರಿ ಫಡದಲ್ಲೇ ನಿಂತೆವು.
ಚಾಲಕ ಮಾಯಪ್ಪ ಟಾರ್ಚು ಹಿಡಿದಿದ್ದ, ಸಿಟ್ಟಿನಲ್ಲಿದ್ದ.
ಸಿಲಿಂಡರಿನ ರಾಡನ್ನು ಸವರಿದೆ, ಗರಗರ.
ಮರಳೇ? ಬೆರಳನ್ನು ನಾಲಿಗೆಗಿಟ್ಟೆ.
ಸಿಹಿ.

ಕಬ್ಬಿನ ಹಾಲು ರಾಡಿನ ಮೇಲೆ ಒಣಗಿ ಗಾಜಾಗಿ
ಒಳಬರುವಾಗೆಲ್ಲ ಸೀಲಿನ ತುಟಿ ಸೀಳುತ್ತಿತ್ತು.
ನಾನು ಒಳಗಿನ ಎಣ್ಣೆಗೆ ಕಾವಲು ಕೂತಿದ್ದೆ,
ಹೊರಗಿನಿಂದ ಸಕ್ಕರೆ ಬರುತ್ತಿತ್ತು.

ಪ್ರಯೋಗಾಲಯಕ್ಕೆ ಬೆಲ್ಲ ತಂದೆವು, ಐದು ಕಿಲೋ.
ಲೆಕ್ಕದವರು ಚೀಟಿಯನ್ನು ಎರಡು ಸಲ ತಿರುಗಿಸಿ ನೋಡಿದರು.
ಇರುವೆಗಳು ತಕ್ಕಡಿಯ ಮೇಲೂ ಹತ್ತಿದವು,
ಮೂರನೆಯ ದಶಮಾಂಶ ಅಲುಗಾಡಿತು.
‘ಬೆಲ್ಲದ ನೀರು ಯಾವ ಮಾನದಂಡದಲ್ಲಿದೆ?’
ಜರ್ನಲಿನವರು ಕೇಳಿದರು.
ಯಾವುದರಲ್ಲೂ ಇಲ್ಲ, ಅಥಣಿಯಲ್ಲಿದೆ, ಎಂದು ಬರೆದೆ.

ಒರೆಸುವ ತುಟಿಯನ್ನು ಮೃದು ಮಾಡಬೇಕೆಂದು ನಾನು.
‘ಹಂಚಿಗೆ ಹತ್ತಿದ್ದು ಅರಿವೀಲೆ ಹೋಗತೈತೇನ್ರಿ?
ಹೆರೀಬೇಕ್ರಿ,’ ರಾಜೇಸಾಬ.
ಪಾಲಿಯುರೆಥೇನಿನ ಗಟ್ಟಿ ಅಂಚು ಕೊಟ್ಟೆವು, ಓರೆಯಾಗಿ.
ಒಂದು ಹಂಗಾಮು ತಡೆಯಿತು. ಮರುಹಂಗಾಮೂ.
ಪೇಪರು ಅಚ್ಚಾಯಿತು, ನನ್ನ ಹೆಸರು ಮೊದಲು.
ಅವನ ಹೆಸರು ಕೊನೆಯ ಪುಟದಲ್ಲಿ,
ಕೃತಜ್ಞತೆಯಲ್ಲಿ, ಕರೆಂಟು ಕೊಟ್ಟವರ ಕೆಳಗೆ.
ತೋರಿಸಿದಾಗ ಕನ್ನಡಕ ಹುಡುಕಿದ. ‘ಚಲೋ ಆತ್ರಿ’ ಎಂದ.
ಆ ‘ಚಲೋ’ದಲ್ಲಿ ಏಳದೆ ಉಳಿದದ್ದೆಷ್ಟೋ
ನಾನು ಅಳೆಯಲಿಲ್ಲ.

ಹೋದ ವಾರ ಅವನ ಮನೆಗೆ ಹೋಗಿದ್ದೆ, ಅನಗೋಳಕ್ಕೆ.
ಉಪ್ಪಿನಕಾಯಿ ಭರಣಿಗೆ, ಮೊಮ್ಮಗಳ ಡಬ್ಬಿಯ ಮುಚ್ಚಳಕ್ಕೆ,
ನಲ್ಲಿಯ ಬುಡಕ್ಕೆ
ನಾವು ಫೇಲು ಮಾಡಿದ ಉಂಗುರಗಳು.
ಓಣಿಗೆಲ್ಲ ಹಂಚಿದ್ದಾನಂತೆ.
‘ಇಪ್ಪತ್ತ್ ವರ್ಷಾತ್ರಿ, ಒಂದೂ ಸೋರಿಲ್ಲ’
ಅಂದು, ಡಬ್ಬಿಯನ್ನು ತಲೆಕೆಳಗು ಮಾಡಿ
ನನ್ನ ಸೀರೆಯ ಮೇಲೇ ಹಿಡಿದ.
ಒಳಗೆ ಸಾರು ತುಂಬಿತ್ತು.